ಗಡಿಯಾಚೆಯ ಮನೆಗಳಿಗೂ ಕನ್ನಡ ಮುಟ್ಟಿಸಿದ ಚಿ. ಉದಯಶಂಕರ್

ದೌಲತಾಬಾದ್: ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಬರಲಿಕ್ಕಿಲ್ಲ. ಆದರೆ ರಾಜಕುಮಾರ್ ಸಿನಿಮಾದ ಮಾತು ಬರುತ್ತವೆ. ಶಾಲೆಯಲ್ಲಿ ತೆಲುಗು, ಬಜಾರದಲ್ಲಿ ಉರ್ದು ಬೆರೆತ ಹಿಂದಿ, ಅಡುಗೆ ಮನೆಯಲ್ಲಿ ಮಾತ್ರ ಕನ್ನಡ. ಹೀಗೆ ಬೆಳೆದ ಹುಡುಗ ಒಮ್ಮಿಂದೊಮ್ಮೆಲೆ ಗ್ರಂಥದ ಕನ್ನಡದಲ್ಲಿ ಎರಡು ಸಾಲು ಹೇಳಿ ಅಜ್ಜಿಯನ್ನು ನಗಿಸಿದರೆ, ಅದು ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಟಿ.ವಿ.ಯಿಂದ ಬಂತು. ಟಿ.ವಿ.ಗೆ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಬರೆದ ಮನುಷ್ಯನ ಹೆಸರು ಚಿ. ಉದಯಶಂಕರ್. ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು.

ಹೆಸರಿನ ಮುಂದಿನ 'ಚಿ.' ನೋಡಿ ಮದುವೆ ಪತ್ರಿಕೆಯಲ್ಲಿ ಹಾಕುವ ಚಿರಂಜೀವಿ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಈ ಲೇಖಕನೂ ಸಣ್ಣವನಿದ್ದಾಗ ಹಾಗೇ ತಿಳಿದಿದ್ದ. ಅದು ಊರಿನ ಹೆಸರು, ಚಿಟ್ನಹಳ್ಳಿ. ತಂದೆ ಚಿ. ಸದಾಶಿವಯ್ಯನವರೂ ಸಿನಿಮಾಕ್ಕೆ ಹಾಡು, ಸಂಭಾಷಣೆ ಬರೆದವರೇ. ಉದಯಶಂಕರ್ ಹುಟ್ಟಿದ್ದು 1934ರ ಫೆಬ್ರುವರಿ 18ರಂದು. ತಮ್ಮ ಚಿ. ದತ್ತರಾಜ್ ನಿರ್ದೇಶಕರಾದರು, ಮಗ ಚಿ. ಗುರುದತ್ ನಟ ಮತ್ತು ನಿರ್ದೇಶಕ. ಮೂರು ತಲೆಮಾರು ಒಂದೇ ಕಸುಬು.

1963ರಲ್ಲಿ ಬಂದ 'ಸಂತ ತುಕಾರಾಂ' ಚಿತ್ರದಿಂದ ಇವರ ಕೆಲಸ ಶುರುವಾಯಿತು. ಆಗ ಕನ್ನಡ ಸಿನಿಮಾ ಎಂದರೆ ಮದ್ರಾಸು. ಸ್ಟುಡಿಯೊ ಅಲ್ಲಿ, ಹಾಡಿನ ರೆಕಾರ್ಡಿಂಗ್ ಅಲ್ಲಿ, ಲ್ಯಾಬೂ ಅಲ್ಲೇ. ಒಂದೇ ಸ್ಟುಡಿಯೊದ ಒಂದು ಫ್ಲೋರಿನಲ್ಲಿ ತಮಿಳು, ಪಕ್ಕದ್ದರಲ್ಲಿ ತೆಲುಗು, ಎಲ್ಲೋ ಒಂದು ಮೂಲೆಯಲ್ಲಿ ಕನ್ನಡ. ಪರ ಊರಿನಲ್ಲಿ, ಪರಭಾಷೆಯ ನಡುವೆ ಕೂತು ಕನ್ನಡ ಬರೆಯುವುದು ಹೇಗಿರುತ್ತದೆ ಎಂದು ಗಡಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ.

ಮೂವತ್ತು ವರ್ಷ ಅವರು ಕೈ ನಿಲ್ಲಿಸಲಿಲ್ಲ. ಹಾಡುಗಳೇ ಸಾವಿರಾರು. ರಾಜಕುಮಾರ್ ಒಬ್ಬರದ್ದೇ 80ಕ್ಕೂ ಹೆಚ್ಚು ಚಿತ್ರಗಳಿಗೆ ಹಾಡು, ಸಂಭಾಷಣೆ ಅಥವಾ ಎರಡನ್ನೂ ಬರೆದರು. ಅವರ ವೇಗ ಗಾಂಧಿನಗರದಲ್ಲಿ ಇಂದಿಗೂ ಮಾತಿನಲ್ಲಿದೆ.

ಡಬ್ಬಿಂಗ್ ನಿಂತ ಕಾಲದ ಬರಹಗಾರ

ಇವರ ಕಾಲ ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. 1960ರ ದಶಕದ ಮಧ್ಯದ ಹೊತ್ತಿಗೆ ಹೋರಾಟದಿಂದಾಗಿ ಕನ್ನಡಕ್ಕೆ ಬೇರೆ ಭಾಷೆಯ ಚಿತ್ರಗಳನ್ನು ಡಬ್ ಮಾಡುವುದು ನಿಂತಿತು. 1965ರಲ್ಲಿ ಕನ್ನಡದಲ್ಲಿ ಬಂದ 'ಮಾಯಾಬಜಾರ್' ಅಂಥ ಕೊನೆಯ ಚಿತ್ರಗಳಲ್ಲೊಂದು. ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷ, ಹೊರಗಿನ ಕಥೆ ಕನ್ನಡಕ್ಕೆ ಬರಬೇಕಾದರೆ ಅದನ್ನು ಹೊಸದಾಗಿ ತೆಗೆಯಬೇಕು, ಹೊಸದಾಗಿ ಬರೆಯಬೇಕು. ತುಟಿಗೆ ಹೊಂದುವ ಹಾಗೆ ಮಾತು ಕೂಡಿಸುವ ಕೆಲಸ ಹೋಗಿ, ಪೂರ್ತಿ ಬರೆಯುವ ಕೆಲಸ ಬಂತು. ಬರಹಗಾರರಿಗೆ ಅದು ಅನ್ನವೂ ಆಯಿತು, ಪರೀಕ್ಷೆಯೂ ಆಯಿತು. ಆ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೂತವರು ಉದಯಶಂಕರ್. ಎಲ್ಲ ಸಲವೂ ಫಸ್ಟ್ ಕ್ಲಾಸ್ ಬಂದರು ಎನ್ನಲಾಗದು. ವರ್ಷಕ್ಕೆ ಅಷ್ಟು ಚಿತ್ರ ಬರೆದರೆ ಒಂದು ಸಿನಿಮಾದ ತಾಯಿ ಅತ್ತ ಮಾತು ಇನ್ನೊಂದು ಸಿನಿಮಾದ ತಾಯಿಯ ಬಾಯಲ್ಲೂ ಬರುತ್ತದೆ. ಬಂದಿದೆ.

'ಕಸ್ತೂರಿ ನಿವಾಸ' (1971) ನೋಡಿದವರಿಗೆ ಅವರ ಇನ್ನೊಂದು ಮುಖ ಗೊತ್ತು. ಕಥೆ ಜಿ. ಬಾಲಸುಬ್ರಮಣ್ಯಂ ಅವರದು, ನಿರ್ದೇಶನ ದೊರೆ-ಭಗವಾನ್, ಸಂಭಾಷಣೆ ಉದಯಶಂಕರ್. ಬೆಂಕಿಪೊಟ್ಟಣದ ಕಾರ್ಖಾನೆ ಮಾಲೀಕ ಕೊಡುತ್ತ ಕೊಡುತ್ತ ಬರಿಗೈಯಾಗುವ ಕಥೆ. ಇಂಥ ಕಥೆಗೆ ಉದ್ದುದ್ದ ಭಾಷಣ ಬರೆಯುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಕಡೆಯ ಭಾಗದಲ್ಲಿ, ಮನೆಗೆ ಬಂದವಳು ಕೇಳಿದ್ದನ್ನು ಕೊಡಲಿಕ್ಕೆ ಆಗದೆ ಆ ಮನುಷ್ಯ ಕುಸಿಯುವ ಹೊತ್ತಿಗೆ ಮಾತು ಕಮ್ಮಿಯಾಗುತ್ತ ಹೋಗುತ್ತದೆ. ಅದೇ ಕಥೆಯನ್ನು 1975ರಲ್ಲಿ ಶಿವಾಜಿ ಗಣೇಶನ್ ತಮಿಳಿನಲ್ಲಿ 'ಅವನ್ ದಾನ್ ಮನಿದನ್' ಎಂದು ಮಾಡಿದರು. ಹೊರಗಿನಿಂದ ಕಥೆ ತರುತ್ತಿದ್ದ ಕನ್ನಡದಿಂದ ಕಥೆ ಹೊರಗೂ ಹೋಯಿತು. 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಮಂದಿ ಮತ್ತೆ ಟಾಕೀಸಿಗೆ ಹೋದರು.

ಮರು ವರ್ಷವೇ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' (1972). ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಚಿತ್ರ. ಚಿತ್ರದುರ್ಗದ ಹುಂಬ ಹುಡುಗ ರಾಮಾಚಾರಿಗೂ ಅವನ ಚಾಮಯ್ಯ ಮೇಷ್ಟ್ರಿಗೂ ಮಾತು ಬರೆದವರು ಇವರೇ. ಹುಡುಗನ ಮಾತು ಕಲ್ಲು ಒಡೆದಂತೆ, ಮೇಷ್ಟ್ರ ಮಾತು ತಲೆ ಸವರಿದಂತೆ. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರವಿದು. ರಾಜಕುಮಾರ್ ಮನೆಯ ಬರಹಗಾರ ಎಂದು ಇವರನ್ನು ಒಂದೇ ಕಡೆ ಕಟ್ಟಿಹಾಕುವವರು ಇದನ್ನು ಮರೆಯುತ್ತಾರೆ.

ಧುತ್ತರಗಿ ನಾಟಕದಿಂದ ಎಮ್ಮೆಯ ಹಾಡಿನವರೆಗೆ

ನಮ್ಮ ಸೀಮೆಯ ಹಿರಿಯರಿಗೆ ಪಿ.ಬಿ. ಧುತ್ತರಗಿಯವರ ಹೆಸರು ಸಿನಿಮಾಕ್ಕಿಂತ ಮೊದಲೇ ಗೊತ್ತು. ಜಾತ್ರೆಗೆ ಬರುವ ಕಂಪನಿ ನಾಟಕಗಳಲ್ಲಿ ಅವರ 'ಸಂಪತ್ತಿಗೆ ಸವಾಲ್' ಇರಲೇಬೇಕು. ಬಡವನಿಗೂ ಸಾಹುಕಾರನಿಗೂ ನಡುವಿನ ಜಟಾಪಟಿ. ಅದನ್ನು 1974ರಲ್ಲಿ ಎ.ವಿ. ಶೇಷಗಿರಿ ರಾವ್ ಸಿನಿಮಾ ಮಾಡಿದಾಗ ಸಂಭಾಷಣೆ, ಹಾಡಿನ ಹೊಣೆ ಉದಯಶಂಕರ್ ಅವರದ್ದಾಯಿತು. ಸ್ಟೇಜಿನ ಮೇಲೆ ಮಾತು ಕಡೆಯ ಸಾಲಿನವನಿಗೂ ಕೇಳಬೇಕು, ಅದಕ್ಕೆ ಉದ್ದ ಬೇಕು, ಪ್ರಾಸ ಬೇಕು, ನಡುವೆ ಚಪ್ಪಾಳೆಗೆ ಜಾಗ ಬೇಕು. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಅಷ್ಟು ಮಾತು ಬೇಡ. ಉತ್ತರ ಕರ್ನಾಟಕದ ನಾಟಕದ ಕಸುವು ಉಳಿಸಿಕೊಂಡು, ಮೈಸೂರು ಬೆಂಗಳೂರಿನವರಿಗೂ ತಿಳಿಯುವ ಹಾಗೆ ಅದನ್ನು ಇಳಿಸಿದರು.

ಆ ಚಿತ್ರದ ಎಮ್ಮೆ ಮೇಲೆ ಕೂತ ಹಾಡು ಗೊತ್ತಿಲ್ಲದ ಕನ್ನಡ ಮನೆ ಇರಲಿಕ್ಕಿಲ್ಲ. ಪಿ.ಬಿ. ಶ್ರೀನಿವಾಸ್ ಆ ದಿನ ಸಿಗದೆ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜಕುಮಾರ್ ಅವರಿಂದಲೇ ಹಾಡಿಸಿದರು. ಅಲ್ಲಿಂದ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅಂದರೆ ಉದಯಶಂಕರ್ ಕೆಲಸವೂ ಬದಲಾಯಿತು. ಮಾತು ಬರೆದುಕೊಟ್ಟ ಬಾಯಿಗೇ ಹಾಡೂ ಬರೆಯಬೇಕು. ಸಂಭಾಷಣೆಯಿಂದ ಹಾಡಿಗೆ ದಾಟುವಾಗ ದನಿ ಬದಲಾಗುವುದಿಲ್ಲ, ಹಾಗಾಗಿ ಪದವೂ ಒಂದೇ ಜಾಡಿನಲ್ಲಿ ಬರಬೇಕು. ಅವರ ಹಾಡುಗಳು ಮಾತಾಡಿದ ಹಾಗೇ ಇರುತ್ತವೆ, ನಿಘಂಟು ಹುಡುಕಬೇಕಿಲ್ಲ. ಕೆಲವು ಪಂಡಿತರು ಇದನ್ನು ಕೊರತೆ ಎಂದರು. ತೆಲುಗು ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಅದೇ ದೊಡ್ಡ ಉಪಕಾರ.

ಹಾಡು ಹುಟ್ಟುವ ರೀತಿಯೂ ತಿಳಿದಿರಲಿ. ಮೊದಲು ಕವಿತೆ ಬರೆದು ಆಮೇಲೆ ರಾಗ ಹಾಕುವುದು ಅಪರೂಪ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಹಿಡಿದು ಬರೀ ಧಾಟಿ ನುಡಿಸುತ್ತಾನೆ. ಆ ಧಾಟಿಯ ಗುರು-ಲಘು ಎಣಿಸಿಕೊಂಡು, ಸನ್ನಿವೇಶಕ್ಕೆ ಒಪ್ಪುವ ಪದ ಕೂರಿಸಬೇಕು. ಸ್ವರ ಎಳೆಯುವಲ್ಲಿ ದೀರ್ಘಾಕ್ಷರ ಬೇಕು, ತಾಳ ಬಡಿಯುವಲ್ಲಿ ಒತ್ತಕ್ಷರ ಒಪ್ಪುತ್ತದೆ. ಮರುದಿನ ರೆಕಾರ್ಡಿಂಗ್ ಇದ್ದರೆ ರಾತ್ರಿಯೇ ಮುಗಿಯಬೇಕು. ಇದು ಸರಳ ಕೆಲಸವಲ್ಲ ನೋಡ್ರಿ.

ನಮ್ಮ ತೆಲುಗು ನೆರೆಹೊರೆಯವರಿಗೂ ಇವರ ಹಾಡಿನ ನಂಟಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ. ವಾಣಿ ಅವರ ಕಾದಂಬರಿ ಆಧರಿಸಿದ 'ಎರಡು ಕನಸು' (1974) ಚಿತ್ರಕ್ಕೆ ಸಂಗೀತ ರಾಜನ್-ನಾಗೇಂದ್ರ. ಅದರ ಯುಗಳಗೀತೆ ಬರೆದವರು ಉದಯಶಂಕರ್. ಮರು ವರ್ಷ ಅದೇ ಕಥೆ ತೆಲುಗಿನಲ್ಲಿ 'ಪೂಜ' ಆಯಿತು, ಅದೇ ಧಾಟಿಗೆ ತೆಲುಗು ಪದ ಬಂತು. ತಾಂಡೂರು, ಜಹೀರಾಬಾದಿನ ಮದುವೆ ಬ್ಯಾಂಡಿನವರು ಬಾರಿಸುವ ಆ ಹಳೆಯ ಧಾಟಿಗೆ ಮೊದಲು ಬಿದ್ದ ಪದಗಳು ಕನ್ನಡದವು. ಈ ವಿಷಯದಲ್ಲಿ ಬೀಗರ ಮುಂದೆ ಬೀಗಬಹುದು!

1956ರ ಗೆರೆ, 1973ರ ಹಾಡು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಭಾಗಗಳೂ ಆಂಧ್ರಕ್ಕೆ ಸೇರಿದವು. ನಿನ್ನೆಯವರೆಗೂ ಒಂದೇ ಜಿಲ್ಲೆಯಲ್ಲಿದ್ದ ಅತ್ತೆ ಮನೆ ಒಂದು ರಾಜ್ಯ, ತವರು ಮನೆ ಇನ್ನೊಂದು ರಾಜ್ಯ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ನಾವು ಆಚೆಯೇ ಉಳಿದೆವು.

ಅದೇ 1973ರ ಚಿತ್ರ 'ಗಂಧದ ಗುಡಿ'. ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ. ಕಾಡು, ಆನೆ, ಜೀಪು ಎಲ್ಲ ಸೇರಿ ಆಗಿನ ಲೆಕ್ಕದಲ್ಲಿ ದೊಡ್ಡ ಚಿತ್ರ. ಅರಣ್ಯಾಧಿಕಾರಿ ನಾಡನ್ನೂ ನುಡಿಯನ್ನೂ ಹೊಗಳುವ ಅದರ ಹಾಡು ಈಗ ರಾಜ್ಯೋತ್ಸವದ ಹಾಡೇ ಆಗಿಬಿಟ್ಟಿದೆ. ಬರೆದವರು ಉದಯಶಂಕರ್, ಧಾಟಿ ರಾಜನ್-ನಾಗೇಂದ್ರ ಅವರದು, ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಮನೆಮಾತು ತೆಲುಗು. ಕನ್ನಡದ ಹೆಮ್ಮೆಯ ಹಾಡಿಗೆ ದನಿ ಕೊಟ್ಟವರು ತೆಲುಗರು ಎಂದು ನಮ್ಮ ಮಕ್ಕಳಿಗೆ ಹೇಳಿದರೆ, ಶಾಲೆಯಲ್ಲಿ ಎರಡು ಭಾಷೆಯ ಹೆಸರಿನಲ್ಲಿ ಜಗಳ ಆಡುವುದು ತುಸು ಕಮ್ಮಿಯಾಗಬಹುದು.

ಖರೆ ಹೇಳಬೇಕೆಂದರೆ ಈ ಹಾಡಿನ ಬಗ್ಗೆ ಗಡಿಯಲ್ಲಿ ಒಂದು ಸಣ್ಣ ನೋವೂ ಇದೆ. ಅದರಲ್ಲಿ ಬರುವ ನಾಡು ಮಲೆನಾಡಿನ ಹಸಿರು, ನಮ್ಮ ತೊಗರಿ ಹೊಲವಲ್ಲ, ಕಲ್ಲು ಗಣಿಯಲ್ಲ. ಆ ಕಾಲದ ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಬಂದರೂ ಬಹುತೇಕ ಹಾಸ್ಯಗಾರನ ಬಾಯಲ್ಲಿ ಬಂತು. ನಾಯಕ ಮಾತ್ರ ಮೈಸೂರು ಕನ್ನಡ. ಉದಯಶಂಕರ್ ಇದಕ್ಕೆ ಹೊರತಲ್ಲ. ಆದರೂ 'ಸನಾದಿ ಅಪ್ಪಣ್ಣ' (1977) ನೆನೆಸಬೇಕು. ಉತ್ತರ ಕರ್ನಾಟಕದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕಥೆ, ಊದಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನ್. ಶಹನಾಯಿಗೆ ಸನಾದಿ ಎನ್ನುವುದು ನಮ್ಮ ಸೀಮೆಯ ಮಾತು. ಆ ಹೆಸರೇ ಪೋಸ್ಟರಿನ ಮೇಲೆ ಬಂತು.

ಒಂದೇ ಚಿತ್ರದಲ್ಲಿ ಎರಡು ಕನ್ನಡ

ದೊಡ್ಡ ಖರ್ಚಿನ ಚಿತ್ರ ಎಂದರೆ ಅರಮನೆ, ಕುದುರೆ, ಸೈನ್ಯ. ಅಲ್ಲಿ ಬರಹಗಾರನಿಗೆ ಒಂದು ಅಪಾಯ ಇದೆ. ಸೆಟ್ಟು ದೊಡ್ಡದಾದಷ್ಟೂ ಮಾತೂ ದೊಡ್ಡದಾಗುತ್ತದೆ, ಮನುಷ್ಯ ಸಣ್ಣವನಾಗುತ್ತಾನೆ. ದೇವುಡು ಅವರ ಕಾದಂಬರಿಯಿಂದ ಮಾಡಿದ 'ಮಯೂರ' (1975) ಚಿತ್ರದಲ್ಲಿ ಅವರು ಇದನ್ನು ಗೆದ್ದರು. ಕಂಚಿಯ ಪಲ್ಲವರಿಂದ ಅವಮಾನಗೊಂಡ ಓದುವ ಹುಡುಗ ಬನವಾಸಿಯ ದೊರೆಯಾಗುವ ಕಥೆ. ಅದರಲ್ಲಿ ಹುಡುಗನ ಸಿಟ್ಟು ಮೊದಲು, ರಾಜನ ಗತ್ತು ಆಮೇಲೆ. ನಾಲ್ಕನೆಯ ಇಯತ್ತೆ ಮುಗಿಸದೆ ಗುಬ್ಬಿ ಕಂಪನಿ ಸೇರಿದ್ದ ರಾಜಕುಮಾರ್ ಅವರ ನಾಲಗೆ ಎಂಥ ಕನ್ನಡವನ್ನೂ ಹೊರಬಲ್ಲುದು ಎಂದು ಗೊತ್ತಿದ್ದರಿಂದಲೇ ಅಂಥ ಮಾತು ಬರೆಯುವ ಧೈರ್ಯ ಬಂದಿರಬೇಕು.

ಆದರೆ ನನ್ನ ಮಟ್ಟಿಗೆ ಅವರ ಕೆಲಸದ ತುದಿ 'ಕವಿರತ್ನ ಕಾಳಿದಾಸ' (1983). ರೇಣುಕಾ ಶರ್ಮ ನಿರ್ದೇಶನ, ಎಂ. ರಂಗರಾವ್ ಸಂಗೀತ, ಮಾತು ಮತ್ತು ಹಾಡು ಉದಯಶಂಕರ್. ಅಕ್ಷರ ಬಾರದ ಕುರುಬರ ಹುಡುಗನನ್ನು ಪಂಡಿತ ಎಂದು ನಂಬಿಸಿ ರಾಜಕುಮಾರಿಗೆ ಮದುವೆ ಮಾಡಿಸುತ್ತಾರೆ. ಮೋಸ ಬಯಲಾಗುತ್ತದೆ, ಕಾಳಿ ಒಲಿಯುತ್ತಾಳೆ, ಕುರುಬ ಮಹಾಕವಿಯಾಗುತ್ತಾನೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬರಹಗಾರನ ಕಷ್ಟ ಬ್ಯಾರೆ. ಚಿತ್ರದ ಮೊದಲ ಭಾಗದಲ್ಲಿ ನಾಯಕನದು ಕುರಿ ಕಾಯುವವನ ಹಳ್ಳಿ ಮಾತು, ಅಕ್ಷರ ನುಂಗುವ, ಮಹಾಪ್ರಾಣ ಇಲ್ಲದ ಮಾತು. ದೇವಿ ಒಲಿದ ಕ್ಷಣದಿಂದ ಅದೇ ಬಾಯಲ್ಲಿ ಸಂಸ್ಕೃತ ತುಂಬಿದ ಕನ್ನಡ ಹರಿಯಬೇಕು. ನೋಡುವವರು ನಗಬಾರದು, ನಂಬಬೇಕು.

ಇದನ್ನು ಅವರು ಮಾಡಿದ ಬಗೆ ನೋಡಿ. ಮೊದಲ ಭಾಗದ ಹುಡುಗ ಪೆದ್ದನಲ್ಲ. ಅವನ ಮಾತಿಗೆ ಲಯ ಇದೆ, ಹೋಲಿಕೆ ಇದೆ, ಕುರಿ, ಗುಡ್ಡ, ಮಳೆ ಎಲ್ಲ ಅದರಲ್ಲಿ ಬರುತ್ತವೆ. ಕವಿ ಅಲ್ಲೇ ಕೂತಿದ್ದಾನೆ, ಅಕ್ಷರ ಮಾತ್ರ ಬಂದಿಲ್ಲ. ಹಾಗಾಗಿ ಎರಡನೆಯ ಭಾಗದ ಭಾಷೆ ಬೇರೆಯವನದೆಂದು ಅನ್ನಿಸುವುದಿಲ್ಲ. ಮನೆಯಲ್ಲಿ ಆಡುಮಾತು ಮಾತ್ರ ಇರುವ, ಬರಹದ ಕನ್ನಡ ಕಲಿಯಲು ಶಾಲೆ ಸಿಗದ ಗಡಿಯ ಮಂದಿಗೆ ಈ ಚಿತ್ರ ಯಾಕೆ ಅಷ್ಟು ಹತ್ತಿರ ಎಂಬುದನ್ನು ಇಲ್ಲಿ ಹುಡುಕಬೇಕು. ನಾಯಕಿ ಜಯಪ್ರದಾ ರಾಜಮಂಡ್ರಿಯವರು ಎಂಬುದನ್ನೂ ಹೇಳಿಬಿಡೋಣ.

ಹೆಸರು ಬರೆಸಿದವರು, ಬರೆಸದವರು

'ಶೋಲೆ' ಖ್ಯಾತಿಯ ಸಲೀಂ-ಜಾವೇದ್ ಜೋಡಿ ಕನ್ನಡಕ್ಕೂ ಕಥೆ ಕೊಟ್ಟಿದ್ದು ಈಗಿನ ಎಷ್ಟೋ ಮಂದಿಗೆ ಗೊತ್ತಿಲ್ಲ. 1976ರ 'ಪ್ರೇಮದ ಕಾಣಿಕೆ' ಮತ್ತು 'ರಾಜ ನನ್ನ ರಾಜ' ಅವರ ಕಥೆಗಳು. 'ಪ್ರೇಮದ ಕಾಣಿಕೆ'ಗೆ ಕನ್ನಡದ ಮಾತು ಉದಯಶಂಕರ್ ಅವರದು. ಅದು ಮೊದಲು ಕನ್ನಡದಲ್ಲಿ ಬಂದು, ಆಮೇಲೆ 1980ರಲ್ಲಿ ತಮಿಳಿಗೆ, 1981ರಲ್ಲಿ ಹಿಂದಿಗೆ ಹೋಯಿತು. ಸಲೀಂ-ಜಾವೇದ್ 'ಜಂಜೀರ್' ಚಿತ್ರದ ಪೋಸ್ಟರುಗಳ ಮೇಲೆ ಪೇಂಟರ್ ಕಡೆಯಿಂದ ತಮ್ಮ ಹೆಸರು ಬರೆಸಿದ್ದರು ಎಂದು ಹೇಳುವುದುಂಟು. ಸಂಭಾವನೆಯನ್ನೂ ನಾಯಕನ ಸಮಕ್ಕೆ ಕೇಳುವಷ್ಟು ಬೆಳೆದರು. ಕನ್ನಡದಲ್ಲಿ ಅಂಥದ್ದು ಆಗಲಿಲ್ಲ. ಉದಯಶಂಕರ್ ಹೆಸರು ಟೈಟಲ್ ಕಾರ್ಡಿನಲ್ಲಿ ಬಂದು ಹೋಗುತ್ತಿತ್ತು. ಆಗ ನಾವು ಸೀಟು ಹುಡುಕುತ್ತಿದ್ದೆವು.

ರಾಜಕುಮಾರ್ ಮನೆಯ ಸಂಸ್ಥೆಯಲ್ಲಿ ಕಥೆ ಆರಿಸುವಾಗ ಪಾರ್ವತಮ್ಮ, ತಮ್ಮ ವರದರಾಜು ಜೊತೆಗೆ ಉದಯಶಂಕರ್ ಮಾತಿಗೂ ತೂಕ ಇತ್ತು. ಕಾದಂಬರಿ ಓದಿ, ಇದು ಸಿನಿಮಾ ಆಗುತ್ತದೋ ಇಲ್ಲವೋ ಎಂದು ಕೂತು ಚರ್ಚಿಸುವ ಪದ್ಧತಿ. ಈಗ ಅದು ಅಪರೂಪ. ನೆಲ್ಲೂರು ಕಡೆಯ ಸಿಂಗೀತಂ ಶ್ರೀನಿವಾಸ ರಾವ್ ಕನ್ನಡಕ್ಕೆ ಬಂದು 'ಹಾಲು ಜೇನು', 'ಚಲಿಸುವ ಮೋಡಗಳು' (ಎರಡೂ 1982) ಮಾಡಿದಾಗ ಅವರ ಜೊತೆಯಲ್ಲಿದ್ದ ಬರಹಗಾರ ಇವರೇ. ಪುಟ್ಟ ಪುನೀತ್ ಹಾಡಿದ ಹಾಡು 'ಚಲಿಸುವ ಮೋಡಗಳು' ಚಿತ್ರದ್ದು. 2021ರಲ್ಲಿ ಪುನೀತ್ ಹೋದಾಗ ಅದೇ ಹಾಡು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಶಿವರಾಜಕುಮಾರ್ ಅವರ ಮೊದಲ ಚಿತ್ರ 'ಆನಂದ್' (1986) ಬರಹವೂ ಉದಯಶಂಕರ್ ಅವರದು. ಶಂಕರ್ ನಾಗ್ ಅವರ 'ಆಟೋ ರಾಜ' (1980), 'ಗೀತಾ' (1981) ಹಾಡುಗಳೂ ಹೌದು. ಆಟೋ ಹಿಂದೆ ಶಂಕರ್ ನಾಗ್ ಫೋಟೊ ಅಂಟಿಸಿದವರಿಗೆ ಹಾಡು ಬರೆದವನ ಫೋಟೊ ಸಿಗಲಿಲ್ಲ, ಅದೇನು ದೊಡ್ಡ ಮಾತಲ್ಲ ಬಿಡಿ.

ಸಿನಿಮಾಕ್ಕೆ ಹೊರತಾಗಿ ರಾಯರ ಮೇಲಿನ ಭಕ್ತಿಗೀತೆಗಳು. ರಾಜಕುಮಾರ್ ಹಾಡಿದ ಆ ಕ್ಯಾಸೆಟ್ಟುಗಳು ಗುರುವಾರದ ದಿನ ಮಂತ್ರಾಲಯದ ದಾರಿಯ ಬಸ್ಸುಗಳಲ್ಲಿ ಕೇಳುತ್ತಿದ್ದವು. ಬರೆದದ್ದು ಸಿನಿಮಾ ಸಾಹಿತಿ ಎಂದು ಎಷ್ಟೋ ಭಕ್ತರಿಗೆ ತಿಳಿದೇ ಇರಲಿಲ್ಲ.

1987ರಲ್ಲಿ 'ಪ್ರೇಮಲೋಕ' ಬಂದು, ಪದವನ್ನೂ ರಾಗವನ್ನೂ ತಾವೇ ಮಾಡುವ ಹಂಸಲೇಖ ಕಾಲ ಶುರುವಾಯಿತು. ಹಾರ್ಮೋನಿಯಂ ಪಕ್ಕ ಕೂತು ಬರೆಯುವ ಹಳೆಯ ಜೋಡಿಗಳಿಗೆ ಕೆಲಸ ಇಳಿಯಿತು. ಆದರೂ ರಾಜಕುಮಾರ್ ಮೂರು ವರ್ಷದ ಬಿಡುವಿನ ಬಳಿಕ ಮಾಡಿದ 'ಜೀವನ ಚೈತ್ರ' (1992) ಚಿತ್ರಕ್ಕೆ ಮತ್ತೆ ಉದಯಶಂಕರ್ ಬೇಕಾದರು. ಸಾರಾಯಿ ವಿರುದ್ಧ ಹಳ್ಳಿಯನ್ನು ಎಬ್ಬಿಸುವ ಜಮೀನ್ದಾರನ ಕಥೆ. ನಾದದ ಮೇಲಿನ ಅವರ ಹಾಡನ್ನು ಹಾಡಿದ್ದಕ್ಕೆ ರಾಜಕುಮಾರ್ ಅವರಿಗೆ 1992ರ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು, ಗಾಯಕರಾಗಿ.

1993ರ ಜುಲೈ 3ರಂದು ಉದಯಶಂಕರ್ ತೀರಿಕೊಂಡರು. 59 ವರ್ಷ. ಮರು ವರ್ಷ, 1994ರಲ್ಲಿ, ಉದಯ ಟಿ.ವಿ. ಶುರುವಾಯಿತು. ಅಲ್ಲಿಯವರೆಗೆ ಕನ್ನಡ ಸಿನಿಮಾ ನೋಡಲು ಜಹೀರಾಬಾದಿನವರು ಬೀದರಿಗೆ, ತಾಂಡೂರಿನವರು ಸೇಡಮ್ಮಿಗೆ, ಈ ಕಡೆಯವರು ಗುರುಮಠಕಲ್ ಹಾದಿ ಹಿಡಿಯಬೇಕಿತ್ತು, ಇಲ್ಲವೆ ಗುಲ್ಬರ್ಗ ಆಕಾಶವಾಣಿಯಲ್ಲಿ ಹಾಡು ಕೇಳಬೇಕಿತ್ತು. ಕೇಬಲ್ ಬಂದ ಮೇಲೆ ಅವರ ಮಾತು ದಿನಾ ನಮ್ಮ ಪಡಸಾಲೆಗೆ ಬಂತು. ಆ ಹೊತ್ತಿಗೆ ಅವರೇ ಇರಲಿಲ್ಲ.

ಈಗ ಹಳೆಯ ಚಿತ್ರಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಮನೆಯಲ್ಲಿ ತೆಲುಗು ಮಾಧ್ಯಮದ ಮಕ್ಕಳಿದ್ದರೆ 'ಕವಿರತ್ನ ಕಾಳಿದಾಸ'ದಿಂದ ಶುರು ಮಾಡಿಸಿ, ಮೊದಲ ಅರ್ಧ ಗಂಟೆ ಅರ್ಥ ಹೇಳಲು ಹೋಗಬೇಡಿ, ಕುರಿ ಕಾಯುವವನ ಮಾತು ಅವರಿಗೆ ತಾನೇ ತಿಳಿಯುತ್ತದೆ. ಟೈಟಲ್ ಕಾರ್ಡು ಮಾತ್ರ ಓಡಿಸಬೇಡಿ.